ಬೇರೆಯಾದ ಮೇಲೆ ಗೆಳೆತನದ ಅರ್ಥ ಉಳಿಯುತ್ತದೆಯೇ?

ಪ್ರಶ್ನೆ (ನಿವೃತ್ತ ಉಪನ್ಯಾಸಕ):

ಮೈಸೂರಿನ ಹಾಸ್ಟೆಲ್ಲಿನಲ್ಲಿ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ ಗೆಳೆಯರು ಬಹುಕಾಲದಿಂದ ಕೆನಡಾದಲ್ಲಿ ನೆಲೆಸಿದ್ದಾರೆ. ನಮ್ಮ ನಡುವೆ ಜಗಳವಾಗಿಲ್ಲ, ಮನಸ್ತಾಪವೂ ಇಲ್ಲ. ಯುಗಾದಿ, ದೀಪಾವಳಿಗಳಿಗೆ ಶುಭಾಶಯದ ಸಂದೇಶ ಬರುತ್ತದೆ, ನಾನೂ ಕಳುಹಿಸುತ್ತೇನೆ. ಅಪರೂಪಕ್ಕೆ ಫೋನು ಮಾಡಿದರೆ ಅಲ್ಲಿಯ ಹಿಮ, ಇಲ್ಲಿಯ ಮಳೆ, ಮಕ್ಕಳ ಕೆಲಸ, ಮೊಣಕಾಲು ನೋವು ಇಷ್ಟರಲ್ಲೇ ಮಾತು ತೀರಿ, ಇಬ್ಬರೂ ಫೋನಿಡಲು ನೆಪ ಹುಡುಕುವಂತಾಗುತ್ತದೆ. ಹಾಗೆಂದು ಅವರನ್ನು ‘ಹಳೆಯ ಪರಿಚಯದವರು’ ಎನ್ನಲು ನನಗೆ ಬಾಯಿ ಬರುವುದಿಲ್ಲ. ಒಟ್ಟಿಗಿರುವುದು ನಿಂತ ಮೇಲೂ ಗೆಳೆತನಕ್ಕೆ ಅರ್ಥವಿರುತ್ತದೆಯೇ, ಅಥವಾ ನೆನಪನ್ನೇ ಗೆಳೆತನವೆಂದು ಕರೆದುಕೊಳ್ಳುತ್ತಿದ್ದೇವೆಯೇ?

ಉತ್ತರ (ಇತಿಹಾಸದ ಓದುಗ):

ನಿಮ್ಮ ಪ್ರಶ್ನೆ ಓದಿದಾಗ ಗಾಂಧೀಜಿ ಮತ್ತು ಹರ್ಮನ್ ಕ್ಯಾಲನ್‌ಬಾಕ್ ನೆನಪಾದರು. ಜೊಹಾನ್ಸ್‌ಬರ್ಗಿನಲ್ಲಿ ವಾಸ್ತುಶಿಲ್ಪಿಯಾಗಿದ್ದ ಈ ಜರ್ಮನ್ ಯಹೂದಿ, ಸತ್ಯಾಗ್ರಹಿಗಳ ಕುಟುಂಬಗಳು ವಾಸಿಸಲೆಂದು 1910ರಲ್ಲಿ ತಮ್ಮ 1,100 ಎಕರೆ ಜಮೀನನ್ನೇ ಬಿಟ್ಟುಕೊಟ್ಟರು. ಅದೇ ಟಾಲ್‌ಸ್ಟಾಯ್ ಫಾರ್ಮ್. 1914ರಲ್ಲಿ ಇಬ್ಬರೂ ಕಸ್ತೂರಬಾ ಅವರೊಂದಿಗೆ ಇಂಗ್ಲೆಂಡಿಗೆ ಹೊರಟಾಗ, ಕ್ಯಾಲನ್‌ಬಾಕ್ ಬಳಿಯಿದ್ದ ದುಬಾರಿ ದುರ್ಬೀನಿನ ಬಗ್ಗೆ ಹಡಗಿನಲ್ಲಿ ದಿನವೂ ವಾದ ನಡೆಯುತ್ತಿತ್ತು. ಸರಳವಾಗಿ ಬದುಕಬೇಕೆನ್ನುವವರಿಗೆ ಇದು ಸಲ್ಲದು ಎಂಬುದು ಗಾಂಧೀಜಿಯ ವಾದ. ಕೊನೆಗೆ ಇಬ್ಬರೂ ಒಪ್ಪಿ, ಏಳು ಪೌಂಡ್ ಬೆಲೆಯ ಆ ವಸ್ತುವನ್ನು ಸಮುದ್ರಕ್ಕೆಸೆದರು. (ಮಾರಿ ಫಾರ್ಮಿಗೆ ಆ ಹಣ ಕೊಡಬಹುದಿತ್ತಲ್ಲ ಎಂದು ನನಗೆ ಇಂದಿಗೂ ಅನ್ನಿಸುವುದುಂಟು.)

ಅಷ್ಟರಲ್ಲಿ ಮಹಾಯುದ್ಧ ಆರಂಭವಾಯಿತು. ಜರ್ಮನ್ ಪ್ರಜೆಯಾದ ಕ್ಯಾಲನ್‌ಬಾಕ್‌ಗೆ ಭಾರತಕ್ಕೆ ಬರಲು ಅನುಮತಿ ಸಿಗಲಿಲ್ಲ. ಗಾಂಧೀಜಿ ಸ್ನೇಹಿತನನ್ನು ಬಿಟ್ಟು ಕಸ್ತೂರಬಾ ಜೊತೆ ಊರಿಗೆ ಮರಳಿದರೆ, ಕ್ಯಾಲನ್‌ಬಾಕ್ ಐಲ್ ಆಫ್ ಮ್ಯಾನ್ ದ್ವೀಪದ ಬಂಧನ ಶಿಬಿರ ಸೇರಿದರು. ಮತ್ತೆ ಅವರು ಪರಸ್ಪರ ಮುಖ ನೋಡಿದ್ದು 1937ರಲ್ಲಿ. ಅಷ್ಟು ಹೊತ್ತಿಗೆ ಒಬ್ಬರು ಮಹಾತ್ಮರೆನಿಸಿಕೊಂಡಿದ್ದರು, ಇನ್ನೊಬ್ಬರು ಯಹೂದಿ ರಾಷ್ಟ್ರವಾದದ ಬೆಂಬಲಿಗರಾಗಿದ್ದರು. 1939ರಲ್ಲಿ ಕ್ಯಾಲನ್‌ಬಾಕ್ ಮತ್ತೆ ಬಂದು ಆಶ್ರಮದಲ್ಲಿದ್ದಾಗ, ಅಹಿಂಸೆಯನ್ನು ಬುದ್ಧಿಯಿಂದ ಒಪ್ಪಿದರೂ ಹಿಟ್ಲರನಿಗಾಗಿ ಪ್ರಾರ್ಥಿಸಲಾರೆ ಎನ್ನುತ್ತಿದ್ದರು. ಗಾಂಧೀಜಿಯೇ ತಮ್ಮ ಪತ್ರಿಕೆಯಲ್ಲಿ ಇದನ್ನು ಬರೆದಿದ್ದಾರೆ. ದುರ್ಬೀನಿನ ಬಗ್ಗೆ ವಾದಿಸಿದ ಸಲಿಗೆಯೇ ಹಿಟ್ಲರನ ಬಗ್ಗೆ ವಾದಿಸುವಾಗಲೂ ಇತ್ತು. ಅಗಲಿಕೆಯ ವರ್ಷಗಳಲ್ಲಿ ಉಳಿದದ್ದು ಅದೇ ಎಂದು ನನ್ನ ಭಾವನೆ.

ಉತ್ತರ (ಹಾಸನದಿಂದ):

ಮೇಲಿನ ಉದಾಹರಣೆ ದೊಡ್ಡವರದ್ದು. ನಮ್ಮಂಥವರ ನಡುವಿನ ಮೌನ ಬಹುಪಾಲು ಸೋಮಾರಿತನವೇ ಆಗಿರುತ್ತದೆ, ಅದಕ್ಕೆ ತತ್ತ್ವದ ಬಣ್ಣ ಹಚ್ಚುವುದು ಬೇಡ. ನಮ್ಮ ತಂದೆಯವರ ಸಹೋದ್ಯೋಗಿಯೊಬ್ಬರು ವರ್ಗಾವಣೆಯಾಗಿ ಉಡುಪಿಯ ಕಡೆಯ ತಮ್ಮ ಊರಿಗೆ ಹೋದರು. ಪ್ರತಿ ಚಳಿಗಾಲ ಅಲ್ಲಿಂದ ಬಸ್ಸಿನ ಡ್ರೈವರ್ ಕೈಯಲ್ಲಿ ಒಂದು ಚೀಲ ಮಟ್ಟುಗುಳ್ಳ ಬದನೆ ಬರುತ್ತಿತ್ತು, ಅದೇ ಬಸ್ಸು ಮರಳುವಾಗ ಇಲ್ಲಿಂದ ಸೊನೆ ಅವರೆಕಾಯಿ ಹೋಗುತ್ತಿತ್ತು. ಚೀಲದೊಳಗೆ ಚೀಟಿಯೂ ಇರುತ್ತಿರಲಿಲ್ಲ. ಒಂದು ವರ್ಷ ಗುಳ್ಳ ಬಲಿತು ಬೀಜಗಟ್ಟಿದ್ದಕ್ಕೆ ತಂದೆಯವರು ಹದಿನೈದು ಪೈಸೆಯ ಕಾರ್ಡಿನಲ್ಲಿ ಬೈದು ಬರೆದಿದ್ದರು. ಮರುವಾರವೇ ಎಳೆಯ ಕಾಯಿಗಳ ಇನ್ನೊಂದು ಚೀಲ ಬಂದಿತ್ತು. ಹೀಗೆ ಬೈದು ಕೇಳುವ ಹಕ್ಕು ಯಾರ ಮೇಲೆ ಇದೆಯೋ ಅವರು ಎಲ್ಲಿದ್ದರೂ ಗೆಳೆಯರೇ. ನೀವು ಕೆನಡಾದವರನ್ನು ಕೊನೆಯ ಬಾರಿ ಏನಾದರೂ ಕೇಳಿದ್ದು ಯಾವಾಗ?

ಉತ್ತರ (ಗಣಿತದ ಶಿಕ್ಷಕಿ):

ಇನ್ನೊಂದು ಪ್ರಶ್ನೆ ನನ್ನದು. ನಿಮ್ಮಿಬ್ಬರನ್ನು ಆ ಕೋಣೆಯಲ್ಲಿ ಕಟ್ಟಿಹಾಕಿದ್ದ ವಿಷಯ ಯಾವುದೆಂದು ನೀವು ಬರೆದೇ ಇಲ್ಲ. 1919ರಲ್ಲಿ ಇಂಗ್ಲೆಂಡಿನಿಂದ ಮರಳಿದ ಶ್ರೀನಿವಾಸ ರಾಮಾನುಜನ್ ತಿಂಗಳುಗಟ್ಟಲೆ, ಕೇಂಬ್ರಿಜ್‌ನಲ್ಲಿ ತಮ್ಮ ಜೊತೆ ಕೆಲಸ ಮಾಡಿದ್ದ ಗಣಿತಜ್ಞ ಹಾರ್ಡಿಯವರಿಗೆ ಒಂದು ಪತ್ರವನ್ನೂ ಬರೆದಿರಲಿಲ್ಲ. 1920ರ ಜನವರಿಯಲ್ಲಿ ಬರೆದಾಗ, ಅದಕ್ಕೆ ಕ್ಷಮೆ ಕೋರಿದ ಬೆನ್ನಿಗೇ ತಾವು ಆಗಷ್ಟೇ ಕಂಡುಕೊಂಡ ‘ಮಾಕ್ ಥೀಟಾ’ ಎಂಬ ಹೊಸ ಬಗೆಯ ಗಣಿತ ಫಲನಗಳಿಗೆ ನೇರವಾಗಿ ಕೈಹಾಕಿದರು. ಆ ಏಪ್ರಿಲ್‌ನಲ್ಲಿ ಅವರು ತೀರಿಕೊಂಡ ಮೇಲೂ ಹಾರ್ಡಿ ಅವರ ಗಣಿತವನ್ನು ಬಿಡಲಿಲ್ಲ. 1936ರಲ್ಲಿ ಹಾರ್ವರ್ಡ್‌ನಲ್ಲಿ ಅದರ ಬಗ್ಗೆ ಮಾತನಾಡಿದರು, 1940ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. ಕುಶಲೋಪರಿಯಿಂದ ನಡೆಯುವ ಗೆಳೆತನವಲ್ಲ ಅದು. ನಿಮ್ಮದೂ ಅಲ್ಲದಿರಬಹುದು, ಆದ್ದರಿಂದಲೇ ಹಿಮ, ಮಳೆಗಳ ಮಾತು ಬೇಗ ತೀರುತ್ತಿರಬಹುದು.

ಪ್ರಶ್ನೆ ಕೇಳಿದವರು:

ಮೇಡಂ, ನಮ್ಮ ವಿಷಯ ಯಕ್ಷಗಾನ. ಅದರ ಶೈಲಿಗಳಲ್ಲಿ ಅವರು ತೆಂಕುತಿಟ್ಟಿನವರು, ನಾನು ಬಡಗುತಿಟ್ಟಿನವನು. ಚೆಂಡೆಯ ಬಗ್ಗೆ ರಾತ್ರಿಯಿಡೀ ವಾದಿಸಿ, ಬೆಳಗಿನ ಉಪ್ಪಿಟ್ಟು ತಪ್ಪಿಸಿಕೊಂಡದ್ದೂ ಇದೆ. ಈ ಮಾತು ನಮ್ಮ ಫೋನಿನಲ್ಲಿ ಎಂದು ನಿಂತಿತೋ ತಿಳಿಯದು. ಹಾಸನದವರ ಮಾತಿನಂತೆ ಈಗಷ್ಟೇ ಒಂದು ಬಡಗುತಿಟ್ಟಿನ ಪ್ರಸಂಗದ ಧ್ವನಿಮುದ್ರಣವನ್ನು ಅವರಿಗೆ ಕಳುಹಿಸಿ, ಪೂರ್ತಿ ಕೇಳಿ ತಪ್ಪೊಪ್ಪಿಕೊಳ್ಳಬೇಕೆಂದು ಬರೆದಿದ್ದೇನೆ. ಅವರು ಒಪ್ಪುವುದಿಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ.