ಪದಚರ್ಚೆ: ಹವಳದ ತೊಟ್ಟಿಯ ‘ನ್ಯೂಟ್ರಿಯೆಂಟ್’ಗೆ ಪೋಷಕಾಂಶ ಅಂದರೆ ಸರಿಹೋಗುತ್ತದೆಯೇ?

ಪ್ರಶ್ನೆ (ದಾವಣಗೆರೆಯಿಂದ)

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಹವಳದ ಅಕ್ವೇರಿಯಂ ಇಟ್ಟವರಿಗಾಗಿ ತೊಟ್ಟಿಯ ಪಕ್ಕದಲ್ಲೇ ಅಂಟಿಸುವಂಥ ಒಂದು ಪುಟದ ಕನ್ನಡ ಸೂಚನೆ ತಯಾರಾಗುತ್ತಿದೆ. ಓದುವವರು ಮನೆಯ ಹಿರಿಯರು, ಇಲ್ಲವೇ ಮನೆಯವರು ಊರಿಗೆ ಹೋದಾಗ ಬಂದು ನೋಡಿಕೊಳ್ಳುವ ಅಂಗಡಿ ಹುಡುಗರು. ಓದಿದ ಕೂಡಲೇ ಕೈ ಹಾಕುವವರು ಇವರು. ಹಾಗಾಗಿ ಪದ ಅಂದವಾಗಿದ್ದರೆ ಸಾಲದು, ತಪ್ಪು ಡಬ್ಬಿಯತ್ತ ಕೈ ಹೋಗದಂತಿರಬೇಕು.

ಮೊದಲ ತೊಡಕು ನ್ಯೂಟ್ರಿಯೆಂಟ್. ಈ ಹವ್ಯಾಸದಲ್ಲಿ ಹಾಗಂದರೆ ಎರಡೇ: ನೈಟ್ರೇಟ್ ಮತ್ತು ಫಾಸ್ಫೇಟ್. ಕ್ಯಾಲ್ಸಿಯಂ, ಮೆಗ್ನೀಸಿಯಂ ಹವಳಕ್ಕೆ ಬೇಕೇ ಬೇಕಾದರೂ ಆ ಲೆಕ್ಕಕ್ಕೆ ಬರುವುದಿಲ್ಲ. ನಿಘಂಟು ‘ಪೋಷಕಾಂಶ’ ಕೊಡುತ್ತದೆ. ಆದರೆ ಭತ್ತ, ಮೆಕ್ಕೆಜೋಳ, ಅಡಿಕೆಯ ನಮ್ಮ ಸೀಮೆಯಲ್ಲಿ ಪೋಷಕಾಂಶ ಅಂದರೆ ಕೊಡಬೇಕಾದದ್ದು. ‘ಪೋಷಕಾಂಶದ ಕೊರತೆ’ ಎಲ್ಲರಿಗೂ ಅರ್ಥವಾಗುತ್ತದೆ. ‘ಪೋಷಕಾಂಶ ಹೆಚ್ಚಾಗಿದೆ’ ಅಂದರೆ ಒಳ್ಳೆಯದೇ ಆಯಿತಲ್ಲ ಅನ್ನುತ್ತಾರೆ. ‘ಸಾರ’, ‘ಕಸುವು’ ಕೂಡ ಹೊಗಳಿಕೆಯ ಪದಗಳೇ.

ಎರಡನೆಯದು ಆಲ್ಕಲಿನಿಟಿ, ಅಂದರೆ ಆಮ್ಲ ಸೇರಿದರೂ ಪಿಎಚ್ ಬೀಳದಂತೆ ತಡೆಯುವ ನೀರಿನ ಶಕ್ತಿ. ‘ಕ್ಷಾರೀಯತೆ’ ಅಂದರೆ ಶಾಲೆಯಲ್ಲಿ ಓದಿದವರು ಪಿಎಚ್ ಅಂದುಕೊಳ್ಳುತ್ತಾರೆ. ತೊಟ್ಟಿಯಲ್ಲಿ ಪಿಎಚ್ 8ರ ಆಸುಪಾಸು, ಆಲ್ಕಲಿನಿಟಿಯೂ 8 ಡಿಕೆಎಚ್ (ಅದನ್ನು ಅಳೆಯುವ ಡಿಗ್ರಿ) ಆಸುಪಾಸು. ಗೊಂದಲಕ್ಕೆ ಇನ್ನೇನು ಬೇಕು?

ಮೂರನೆಯದಾಗಿ, ಗಾಜು, ಕಲ್ಲು, ಮರಳಿನ ಮೇಲೆ ಬೆಳೆಯುವುದೆಲ್ಲಕ್ಕೂ ನಾವು ‘ಪಾಚಿ’ ಅನ್ನುತ್ತೇವೆ. ಒಂದಕ್ಕೆ ಮಾಡುವ ಮದ್ದು ಇನ್ನೊಂದಕ್ಕೆ ಮೇವು. ಇವುಗಳಿಗೆ ಬೇರೆ ಬೇರೆ ಹೆಸರಿವೆಯೇ?

ಕೊನೆಯದಾಗಿ, ಹವಳ ಬಣ್ಣ ಕಳೆದುಕೊಂಡು ಬೆಳ್ಳಗಾಗುವ ಬ್ಲೀಚಿಂಗ್‌ಗೆ ‘ಬಿಳಿಚುವುದು’ ಸಾಕೆ? ಬ್ಲೀಚಿಂಗ್ ಪೌಡರ್ ನೆನಪಾಗದಿದ್ದರೆ ಸಾಕು.

ಬಲ್ಲವರು ತಿಳಿಸಿ.

ಉತ್ತರ (ಚಿತ್ರದುರ್ಗದಿಂದ)

ಮೇಡಂ, ನಮಸ್ಕಾರ. ತಾವು ಕೇಳದ ಒಂದು ಪದದಿಂದಲೇ ಶುರುಮಾಡುತ್ತೇನೆ, ಅದರಲ್ಲೇ ಅಪಾಯ ಹೆಚ್ಚು: ‘ಉಪ್ಪು ನೀರು’.

ನಮ್ಮಲ್ಲೂ ನಿಮ್ಮಲ್ಲೂ ಬೋರಿನ ನೀರನ್ನೇ ಉಪ್ಪು ನೀರು ಅನ್ನುವುದು ವಾಡಿಕೆ. ನಲ್ಲಿಯಲ್ಲಿ ಬರುವುದು ಸಿಹಿ ನೀರು. ‘ಉಪ್ಪು ನೀರು 20 ಲೀಟರ್ ಹಾಕಿ’ ಅಂತ ಬರೆದರೆ ಬೋರಿನ ಕೊಡ ಬಗ್ಗಿಸುವವರು ಸಿಗುತ್ತಾರೆ. ಗಡಸುತನ ಒಂದು ಕಡೆಗಿರಲಿ, ಹೊಲಗಳ ನಡುವಿನ ಬೋರಿನಲ್ಲಿ ನೈಟ್ರೇಟೇ ಇರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್‌ವರೆಗೆ ಒಪ್ಪುತ್ತದೆ. ಅಂದರೆ ಮನುಷ್ಯ ನಿಶ್ಚಿಂತೆಯಿಂದ ಕುಡಿಯುವ ನೀರು ಹವಳಕ್ಕೆ ಆಗಿಬರದೆ ಹೋಗಬಹುದು. ಆದ್ದರಿಂದ ಪುಟದಲ್ಲಿ ಎರಡೇ ಹೆಸರಿರಲಿ: ‘ಆರ್‌ಓ ನೀರು’ ಮತ್ತು ‘ಕಡಲುಪ್ಪಿನ ನೀರು’. ಎರಡನೆಯದು, ಲೀಟರ್ ಆರ್‌ಓ ನೀರಿಗೆ ಸುಮಾರು 36 ಗ್ರಾಂ ಅಕ್ವೇರಿಯಂ ಉಪ್ಪು ಬೆರೆಸಿ, ಲವಣಾಂಶ ಸಾವಿರಕ್ಕೆ 35 ಬಂದಿದೆಯೆಂದು ರಿಫ್ರಾಕ್ಟೋಮೀಟರಿನಲ್ಲಿ ನೋಡಿಕೊಂಡದ್ದು. ಅಡುಗೆಮನೆಯ ಆರ್‌ಓದಲ್ಲಿ ರುಚಿಗೆಂದು ಸ್ವಲ್ಪ ಮೂಲ ನೀರನ್ನೇ ಬೆರೆಸುವ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) ತಿರುಪು ಇರುತ್ತದೆ. ಅದನ್ನು ಪೂರ್ತಿ ಮುಚ್ಚಬೇಕು, ಆಮೇಲೆ ಉಳಿದ ಲವಣವನ್ನೂ ಹಿಡಿಯುವ ಡಿಐ ರಾಳದ ಕೊಳವೆ ದಾಟಿಸಬೇಕು. ಮೀಟರಿನಲ್ಲಿ ಟಿಡಿಎಸ್ 0 ಬಂದರೆ ಮಾತ್ರ ಅದು ‘ಆರ್‌ಓ ನೀರು’.

ಇದೇ ಜಾಗದಲ್ಲಿ ‘ನೀರು ಹಾಕುವುದು’ ಎಂಬ ಮಾತನ್ನೂ ಬಿಡಿ. ಆರ್‌ಓ ನೀರಿನಿಂದ ‘ಇಂಗಿದ್ದಕ್ಕೆ ತುಂಬುವುದು’ ಬೇರೆ, ಕಡಲುಪ್ಪಿನ ನೀರಿನಿಂದ ‘ನೀರು ಬದಲಿಸುವುದು’ ಬೇರೆ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಏಪ್ರಿಲ್ ಬಿಸಿಲಿಗೆ ನೀರಿನ ಮೇಲೆ ಫ್ಯಾನ್ ಹಾಕಿದರೆ 200 ಲೀಟರ್ ತೊಟ್ಟಿಯಲ್ಲಿ ದಿನಕ್ಕೆ 3 ಲೀಟರ್ ಹೋಗಿದ್ದೇ ಗೊತ್ತಾಗುವುದಿಲ್ಲ. ಅದನ್ನು ಕಡಲುಪ್ಪಿನ ನೀರಿನಿಂದ ತುಂಬಿದಿರೋ, ದಿನಕ್ಕೆ 105 ಗ್ರಾಂ ಉಪ್ಪು ಹೆಚ್ಚುವರಿ. ಹತ್ತೇ ದಿನಕ್ಕೆ 35 ಇದ್ದದ್ದು 40 ದಾಟುತ್ತದೆ.

ಇನ್ನು ನ್ಯೂಟ್ರಿಯೆಂಟ್. ಪೋಷಕಾಂಶದ ಬಗ್ಗೆ ತಮ್ಮ ಅನುಮಾನ ಸರಿ. ‘ಗೊಬ್ಬರದಂಶ’ ಅಂದರೆ ಹೇಗೆ? ಯೂರಿಯಾ ಹೆಚ್ಚಾದ ಭತ್ತ ಕಡುಹಸಿರಾಗಿ ಬೆಳೆದು ಕೊನೆಗೆ ಮಲಗುವುದನ್ನು ಕಂಡವರಿಗೆ, ಗೊಬ್ಬರ ಹೆಚ್ಚಾದರೆ ಕೆಡುಕು ಎಂದು ಬಿಡಿಸಿ ಹೇಳಬೇಕಿಲ್ಲ. ಹವಳದ ಮಾಂಸದೊಳಗೆ ಸೂಕ್ಷ್ಮ ಸಹಜೀವಿಗಳಿವೆ, ಬೆಳಕಿನಿಂದ ಆಹಾರ ಮಾಡಿ ಹವಳಕ್ಕೆ ಕೊಡುವುದು ಅವೇ. ನೈಟ್ರೇಟ್, ಫಾಸ್ಫೇಟ್ ಏರಿದರೆ ಅವು ಒತ್ತೊತ್ತಾಗಿ ಹೆಚ್ಚಿ ಹವಳದ ನೀಲಿ, ಹಸಿರು, ಗುಲಾಬಿಯನ್ನೆಲ್ಲ ಮುಚ್ಚಿಬಿಡುತ್ತವೆ.

ಆದರೆ ಗುರಿ ಸೊನ್ನೆ ಅಲ್ಲ. ಇದನ್ನು ಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿ. ನೈಟ್ರೇಟ್ ಲೀಟರಿಗೆ 2ರಿಂದ 10 ಮಿಲಿಗ್ರಾಂ, ಫಾಸ್ಫೇಟ್ 0.03ರಿಂದ 0.10. ಎರಡೂ ಸೊನ್ನೆಗಿಳಿದರೆ ಹವಳ ಬಣ್ಣಗೆಡುತ್ತದೆ, ಮರಳಿನ ಮೇಲೆ ಕಂದು ಲೋಳೆ ಏಳುತ್ತದೆ.

ದಯವಿಟ್ಟು ಫಾಸ್ಫೇಟನ್ನು ‘ರಂಜಕ’ ಎಂದೂ ನೈಟ್ರೇಟನ್ನು ‘ಸಾರಜನಕ’ ಎಂದೂ ಕನ್ನಡಿಸಬೇಡಿ. ಕೃಷಿ ಬರವಣಿಗೆಯಲ್ಲಿ ಅದು ನಡೆಯುತ್ತದೆ, ಇಲ್ಲಿ ಲೆಕ್ಕ ತಪ್ಪುತ್ತದೆ. ಹನ್ನಾ ಕಂಪನಿಯ ಸಣ್ಣ ಮೀಟರುಗಳಲ್ಲಿ ಒಂದು ತೋರಿಸುವುದು ನಿಜವಾಗಿಯೂ ರಂಜಕವನ್ನೇ, ಅದೂ ಶತಕೋಟಿಗೆ ಇಷ್ಟು ಭಾಗ ಎಂದು. ಅದನ್ನು 3.07ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಫಾಸ್ಫೇಟ್. ಮೀಟರಿನಲ್ಲಿ 20 ಬಂದರೆ ಫಾಸ್ಫೇಟ್ 0.06, ಚಿಂತೆಯಿಲ್ಲ. ಹಾಗೆಯೇ ಕೆಲವು ಕಿಟ್‌ಗಳು ನೈಟ್ರೇಟಿನಲ್ಲಿರುವ ಸಾರಜನಕವನ್ನಷ್ಟೇ ಹೇಳುತ್ತವೆ, ಅದನ್ನು 4.43ರಿಂದ ಗುಣಿಸಬೇಕು. ಕಿಟ್‌ನಲ್ಲಿ 5 ಓದಿ ಸುಮ್ಮನಾದವರ ತೊಟ್ಟಿಯಲ್ಲಿ ನೈಟ್ರೇಟ್ 22 ಇರುತ್ತದೆ.

‘ನೀರು ಬದಲಿಸಿದರೆ ಇಳಿಯುತ್ತದೆ’ ಎಂದಷ್ಟೇ ಬರೆದರೆ ಜನ ನಿರಾಶರಾಗುತ್ತಾರೆ. ಹತ್ತನೇ ಒಂದು ಭಾಗ ಬದಲಿಸಿದರೆ ಇಳಿಯುವುದೂ ಹತ್ತನೇ ಒಂದು ಭಾಗವೇ: ನೈಟ್ರೇಟ್ 40 ಇದ್ದದ್ದು 36. ಐದು ವಾರ ಹಾಗೇ ಮಾಡಿದರೂ 24ರ ಹತ್ತಿರ, ಅದೂ ಮೇವಿನಿಂದ ಹೊಸದಾಗಿ ಏನೂ ಸೇರದಿದ್ದರೆ. ಹಾಗಾಗಿ ಮೊದಲು ಬಾಯಿ ಕಟ್ಟಬೇಕು: ಮಂಜುಗಟ್ಟಿದ ಮೇವನ್ನು ಜಾಲರಿಯಲ್ಲಿ ಕರಗಿಸಿ ಆ ನೀರು ಚೆಲ್ಲುವುದು, ಫಿಲ್ಟರ್ ಚೀಲವನ್ನು ಮೂರು ದಿನಕ್ಕೊಮ್ಮೆ ಒಗೆಯುವುದು. ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಹರಳನ್ನು ಡಬ್ಬಿಯ ಮೇಲೆ ಬರೆದ ಅಳತೆಯ ಅರ್ಧದಿಂದ ಶುರುಮಾಡಲಿ. 0.5 ಇದ್ದ ಫಾಸ್ಫೇಟನ್ನು ಎರಡೇ ದಿನದಲ್ಲಿ 0.03ಕ್ಕೆ ಎಳೆದರೆ ಹವಳದ ಮಾಂಸವೇ ಕಳಚುವುದುಂಟು. ಇಳಿದ ಮೇಲೂ ಕಲ್ಲು, ಮರಳು ತಾವು ಹೀರಿಟ್ಟುಕೊಂಡದ್ದನ್ನು ನಿಧಾನವಾಗಿ ಬಿಡುತ್ತಲೇ ಇರುತ್ತವೆ. ಮತ್ತೆ ಏರಿತೆಂದು ಗಾಬರಿ ಬೇಡ.

ನೈಟ್ರೇಟ್ ಸೊನ್ನೆಯಾಗಿದ್ದರೆ ಮೊದಲು ಮೇವು ಹೆಚ್ಚಿಸಿ ನೋಡುವುದು. ಸಾಲದಿದ್ದರೆ ಪ್ರಯೋಗಾಲಯ ದರ್ಜೆಯ ಪೊಟ್ಯಾಸಿಯಂ ನೈಟ್ರೇಟ್: 100 ಲೀಟರಿಗೆ 0.16 ಗ್ರಾಂ ಹಾಕಿದರೆ ನೈಟ್ರೇಟ್ ಲೀಟರಿಗೆ 1 ಮಿಲಿಗ್ರಾಂ ಏರುತ್ತದೆ. ಗೊಬ್ಬರದ ಅಂಗಡಿಯ ಪುಡಿ ಬೇಡ. ಅದರಲ್ಲಿ ತಾಮ್ರ ಎಳ್ಳಷ್ಟು ಇದ್ದರೂ ಸೀಗಡಿ, ಬಸವನಹುಳು ಸಾಯುತ್ತವೆ.

‘ಕಾರ್ಬನ್’ ಎಂಬ ಪದವನ್ನೂ ಒಡೆದು ಹೇಳಿ. ಬಣ್ಣ, ವಾಸನೆ ಹೀರಲು ಚೀಲದಲ್ಲಿಡುವುದು ‘ಇದ್ದಿಲು’. ಕಾರ್ಬನ್ ಡೋಸಿಂಗ್ ಅಂದರೆ ಬ್ಯಾಕ್ಟೀರಿಯಾ ಬೆಳೆಯಲೆಂದು ವಿನೆಗರ್ ಹಾಕುವುದು. ಅವು ನೈಟ್ರೇಟ್, ಫಾಸ್ಫೇಟ್ ತಿಂದು ಹೆಚ್ಚುತ್ತವೆ, ಸ್ಕಿಮ್ಮರ್ ಅವನ್ನು ನೊರೆಯಲ್ಲಿ ಎತ್ತಿಹಾಕುತ್ತದೆ. ಆಗ ಆಮ್ಲಜನಕ ಕುಗ್ಗುವುದರಿಂದ ಕರೆಂಟ್ ಹೋದಾಗ ಗಾಳಿ ಪಂಪಿಗೆ ಬ್ಯಾಟರಿ ಇರಲೇಬೇಕು. ‘ಕಾರ್ಬನ್ ಹಾಕಿ’ ಎಂಬ ಒಂದು ವಾಕ್ಯಕ್ಕೆ ಎರಡು ಅರ್ಥ ಬಂದರೆ ಕಷ್ಟ.

ಆಲ್ಕಲಿನಿಟಿಗೆ ಅಂಗಡಿಯವರು ಆಡುವ ‘ಕೆಎಚ್’ ಸಾಕು. ಕ್ಷಾರೀಯತೆ ಬಿಡಿ. 7ರಿಂದ 9 ಡಿಕೆಎಚ್ ಒಳಗೆ ಒಂದು ಅಂಕಿ ಹಿಡಿದು ಅಲ್ಲೇ ನಿಲ್ಲಿಸುವುದು ಮುಖ್ಯ. 100 ಲೀಟರಿಗೆ 3 ಗ್ರಾಂ ಅಡುಗೆ ಸೋಡಾ ಒಂದು ಡಿಗ್ರಿ ಏರಿಸುತ್ತದೆ. ದಿನಕ್ಕೆ ಅದಕ್ಕಿಂತ ಹೆಚ್ಚು ಬೇಡ. ‘ಸೋಡಾ ಪುಡಿ’ ಎಂದು ಮಾತ್ರ ಬರೆಯಬೇಡಿ, ಬಟ್ಟೆ ಸೋಡಾವನ್ನೂ ಹಾಗೇ ಅನ್ನುತ್ತಾರೆ. ನೈಟ್ರೇಟ್, ಫಾಸ್ಫೇಟ್ ತೀರಾ ಕಡಿಮೆಯಿದ್ದು ಕೆಎಚ್ 10ರ ಮೇಲಿದ್ದರೆ ಕಲ್ಲುಹವಳದ ತುದಿಗಳು ಸುಟ್ಟಂತಾಗುತ್ತವೆ. ಅಂದ ಹಾಗೆ ದಿಬ್ಬ ಕಟ್ಟುವ ಕಲ್ಲುಹವಳಗಳನ್ನು 2001ರಲ್ಲಿ ನಮ್ಮ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿದ್ದಾರೆ. ನಮ್ಮ ಕಡಲಿನಿಂದ ಕಿತ್ತು ತಂದದ್ದನ್ನು ಕೊಳ್ಳುವಂತಿಲ್ಲ ಎಂಬ ಒಂದು ಸಾಲು ಪುಟದಲ್ಲಿರಲಿ.

ಪಾಚಿಯ ವಿಷಯಕ್ಕೆ ಬಂದರೆ, ‘ಕೂದಲು ಪಾಚಿ’ ಒಂದನ್ನೇ ಪಾಚಿ ಅನ್ನಿ. ಹಸಿರು ಎಳೆ, ಕಲ್ಲನ್ನು ಕಚ್ಚಿ ಹಿಡಿದಿರುತ್ತದೆ, ಗೊಬ್ಬರದಂಶ ಹೆಚ್ಚಾದ ಗುರುತು. ಹೊಸ ತೊಟ್ಟಿಯ ಗಾಜಿನಲ್ಲಿ ಬೆರಳಿಗೆ ಒರೆಸಿ ಬರುವುದು ‘ಕಂದು ದೂಳು’, ಅದು ಡಯಾಟಮ್ ಎಂಬ ಸೂಕ್ಷ್ಮಜೀವಿ. ನೀರಿನ ಸಿಲಿಕೇಟ್ ತೀರಿದ ಮೇಲೆ ತಾನೇ ಹೋಗುತ್ತದೆ. ಮರಳಿನ ಮೇಲೆ ಹಾಸಿಕೊಂಡು ಹಾಳೆಯಾಗಿ ಎದ್ದು ಬರುವ ಕಡುಗೆಂಪು ‘ಕೆಂಪು ಪೊರೆ’ ಸಯನೋಬ್ಯಾಕ್ಟೀರಿಯಾ, ಪಾಚಿಯೇ ಅಲ್ಲ. ನೀರಿನ ಓಟ ಕಡಿಮೆಯಿದ್ದಲ್ಲಿ ಕೂರುತ್ತದೆ. ನಿಜವಾದ ತಲೆನೋವು ಡೈನೋಫ್ಲಾಜೆಲೇಟ್ (ಡೈನೋ) ಎಂಬ ಸೂಕ್ಷ್ಮಜೀವಿ. ‘ಲೋಳೆ ಎಳೆ’ ಅನ್ನಬಹುದು. ಕಂದು, ಎಳೆಯ ತುದಿಯಲ್ಲಿ ಗಾಳಿಗುಳ್ಳೆ, ರಾತ್ರಿ ಕರಗಿ ಬೆಳಕು ಬಂದ ಮೇಲೆ ಮತ್ತೆ ಹಾಜರ್. ಇದು ಬರುವುದು ನೈಟ್ರೇಟ್, ಫಾಸ್ಫೇಟ್ ಸೊನ್ನೆಯಾದಾಗ. ಪಾಚಿಯೆಂದು ತಿಳಿದು ನೀರು ಬದಲಿಸಿದರೆ, ಫಾಸ್ಫೇಟ್ ಹೀರುವ ಹರಳು ಹಾಕಿದರೆ ಇನ್ನೂ ಕೊಬ್ಬುತ್ತದೆ.

ಕಂದು ದೂಳೋ ಲೋಳೆ ಎಳೆಯೋ ತಿಳಿಯದಿದ್ದರೆ ಸ್ವಲ್ಪ ಹೀರಿ ಬಾಟಲಿಗೆ ಹಾಕಿ ಚೆನ್ನಾಗಿ ಕುಲುಕಿ, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ಒಂದು ಗಂಟೆ ಬೆಳಕಿನಲ್ಲಿಡಿ. ಮತ್ತೆ ಎಳೆಯಾಗಿ ಕೂಡಿಕೊಂಡರೆ ಡೈನೋ.

‘ಬಿಳಿಚುವುದು’ ಒಳ್ಳೆಯ ಪದ, ಆದರೆ ಒಂದೇ ಸ್ಥಿತಿಗೆ ಮೀಸಲಿಡಿ. ಬಿಳಿಚಿದ ಹವಳದ ಮಾಂಸ ಇದ್ದಲ್ಲೇ ಇರುತ್ತದೆ, ಒಳಗಿನ ಸಹಜೀವಿ ಹೋಗಿ ಪಾರದರ್ಶಕವಾಗಿರುತ್ತದೆ. ಅದು ಬದುಕಬಲ್ಲದು. ಬೆಳಕು ತಗ್ಗಿಸಿ ನೀರನ್ನು 25–26 ಡಿಗ್ರಿಗೆ ತರಬೇಕು. ಮಾಂಸವೇ ಕಳಚಿ ಬಿಳಿ ಸುಣ್ಣ ಕಾಣುವುದಕ್ಕೆ ‘ಸುಲಿದಿದೆ’ ಅನ್ನಿ. ಆಗ ಚೆನ್ನಾಗಿರುವ ತುಂಡನ್ನು ಅಂದೇ ಕತ್ತರಿಸಿ ಬೇರೆ ಇಡಬೇಕು. ಮೃದುಹವಳಕ್ಕೆ ಸುಣ್ಣದ ಅಸ್ಥಿ ಇಲ್ಲ, ಅದು ‘ಕರಗುತ್ತದೆ’. ಟಾರ್ಚ್ ಓರೆಯಾಗಿ ಬಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ ಬಿಳಿಚಿದ್ದರ ಮೇಲೆ ತೆಳು ಹೊಳಪು ಕಾಣುತ್ತದೆ, ಸುಲಿದದ್ದು ಒರಟು. ಇನ್ನು ‘ಕಂದಿದೆ’ ಎಂದು ಬರೆಯಲೇಬೇಡಿ. ಕಂದು ಬಣ್ಣಕ್ಕೆ ತಿರುಗಿದೆ ಎಂದು ತಾವು, ಬಾಡಿದೆ ಎಂದು ಓದುವವರು.

ಮರುಮಾತು (ದಾವಣಗೆರೆಯಿಂದ)

ಸಾರ್, ತುಂಬ ಉಪಕಾರವಾಯಿತು. ಉಪ್ಪು ನೀರು, ಕಂದಿದೆ ಎರಡನ್ನೂ ಕರಡಿನಿಂದ ಹೊಡೆದುಹಾಕಿದ್ದಾಯಿತು.

‘ಗೊಬ್ಬರದಂಶ’ ಮಾತ್ರ ಒಪ್ಪಿಗೆಯಾಗಲಿಲ್ಲ. ಹೆಚ್ಚಾದಾಗ ಸರಿ. ‘ಗೊಬ್ಬರದಂಶ ಕಡಿಮೆಯಾಗಿದೆ’ ಎಂದು ಓದಿದ ಮನುಷ್ಯ ತಾವು ಬೇಡವೆಂದ ಅಂಗಡಿಗೇ ಹೋಗುತ್ತಾನೆ. ಒಟ್ಟು ಹೆಸರೇ ಬೇಡ. ಎರಡು ಚೌಕ ಹಾಕಿ ಒಂದರಲ್ಲಿ ‘ನೈಟ್ರೇಟ್ 2–10’, ಇನ್ನೊಂದರಲ್ಲಿ ‘ಫಾಸ್ಫೇಟ್ 0.03–0.10’ ಎಂದಿಡುತ್ತೇವೆ. ಮೇಲಾದರೆ ಏನು, ಕೆಳಗಾದರೆ ಏನು ಎಂಬುದು ಆಯಾ ಚೌಕದ ಅಡಿಯಲ್ಲೇ ಬರಲಿ.

ಕೆಂಪು ಪೊರೆ, ಲೋಳೆ ಎಳೆ ಹಾಗೇ ಉಳಿದಿವೆ. ಕಲ್ಲಿನ ಮೇಲೆ ಗುಲಾಬಿ, ನೇರಳೆಯಾಗಿ ಗಟ್ಟಿಕಟ್ಟುವ ಕೋರಲೈನಿಗೆ ‘ಸುಣ್ಣದ ಪಾಚಿ, ಕೆರೆಯಬೇಡಿ’ ಎಂದು ಸೇರಿಸಲಾಗಿದೆ. ಸ್ಕಿಮ್ಮರಿನ ಮೇಲ್ಭಾಗದ ಕಪ್ಪಿಗೆ ‘ನೊರೆ ಬಟ್ಟಲು’ ಎಂದು ಬರೆದಿದೆ: ‘ನೊರೆ ಬಟ್ಟಲನ್ನು ವಾರಕ್ಕೆರಡು ಸಲ ಚೆಲ್ಲಿ, ಕುತ್ತಿಗೆಯ ಜಿಡ್ಡು ಒರೆಸಿ’. ಇದಕ್ಕೆ ಯಾರದಾದರೂ ತಕರಾರಿದ್ದರೆ ಅಚ್ಚಿಗೆ ಹೋಗುವ ಮುಂಚೆ ಹೇಳಿ.