ಹಳೆಯ ದಿನಚರಿಯೊಂದರ ‘ಮೀಟ್ ಆ್ಯಂಡ್ ಡ್ರಿಂಕ್’: ಸರಿಯಾದ ಅರ್ಥವೇನು?

ಪ್ರಶ್ನೆ (ಸಾಗರದಿಂದ)

ಮಾನ್ಯರೇ, ನಮ್ಮ ಮನೆಯ ಅಟ್ಟದ ಪೆಟ್ಟಿಗೆಯಲ್ಲಿ ಇಂಗ್ಲಿಷಿನ ಕೈಬರಹದ ಪುಸ್ತಕವೊಂದು ಸಿಕ್ಕಿದೆ. ಬ್ರಿಟಿಷರ ಕಾಲದಲ್ಲಿ ರಸ್ತೆಯ ಅಳತೆಗೆಂದು ಈ ಕಡೆಗೆ ಬಂದಿದ್ದ ಅಧಿಕಾರಿಯೊಬ್ಬನ ದಿನಚರಿಯನ್ನು ನನ್ನ ಮುತ್ತಜ್ಜ ನಕಲು ಮಾಡಿಟ್ಟುಕೊಂಡಿದ್ದರೆಂದು ಹಿರಿಯರು ಹೇಳುತ್ತಾರೆ. ಮಳೆಗಾಲ ಮುಗಿದು ಗದ್ದೆಯಲ್ಲಿ ‘ಕಾರ್ನ್’ ತೆನೆಗಟ್ಟಿದ್ದಾಗ ತನಗೆ ‘ಏಗ್ಯೂ’ ಹಿಡಿಯಿತೆಂದೂ, ನಮ್ಮ ಮನೆಯವರು ಒಂದು ‘ಸೆನೈಟ್’ ಕಾಲ ಜಗಲಿಯಲ್ಲಿ ಜಾಗ ಕೊಟ್ಟು ‘ಮೀಟ್ ಆ್ಯಂಡ್ ಡ್ರಿಂಕ್’ ಒದಗಿಸಿದರೆಂದೂ ಆತ ಬರೆದಿದ್ದಾನೆ. ನಾನು ಅದನ್ನು ‘ಮಾಂಸ ಮತ್ತು ಮದ್ಯ’ ಎಂದು ಕನ್ನಡಿಸಿ ದೊಡ್ಡಪ್ಪನವರಿಗೆ ಓದಿ ಹೇಳಿದೆ. ಈರುಳ್ಳಿಯನ್ನೂ ಒಳಗೆ ತರದ ಮನೆ ನಮ್ಮದು. ಅವರು ಬಹಳ ನೊಂದುಕೊಂಡರು. ಎರಡು ದಿನದಿಂದ ನನ್ನೊಡನೆ ಮಾತಿಲ್ಲ. ನನ್ನ ಅನುವಾದ ಸರಿಯೇ? ಉಳಿದ ಪದಗಳ ಅರ್ಥವನ್ನೂ ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಶಿವಮೊಗ್ಗದಿಂದ)

ನಿಮ್ಮ ದೊಡ್ಡಪ್ಪನವರಿಗೆ ಇಂದೇ ಹೇಳಿಬಿಡಿ, ಆ ವಾಕ್ಯದಲ್ಲಿ ಮಾಂಸವೂ ಇಲ್ಲ, ಮದ್ಯವೂ ಇಲ್ಲ. ಇಂಗ್ಲಿಷಿನ ಅತ್ಯಂತ ಹಳೆಯ ಹಂತದಲ್ಲಿ ‘ಮೆಟೆ’ ಎಂದಿದ್ದ ಈ ಪದಕ್ಕೆ ಆಹಾರ ಎಂದಷ್ಟೇ ಅರ್ಥವಿತ್ತು. ಪ್ರಾಣಿಯ ಮಾಂಸಕ್ಕೆ ‘ಫ್ಲೆಶ್’ ಎಂಬ ಬೇರೆಯೇ ಪದವಿತ್ತು. ಅರ್ಥವು ಮಾಂಸಕ್ಕೆ ಸೀಮಿತವಾಗುತ್ತ ಬಂದದ್ದು ಆಮೇಲೆ, ಅದೂ ನಿಧಾನವಾಗಿ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ‘ಮೀಟ್ ಆಫರಿಂಗ್’ ಎಂಬ ನೈವೇದ್ಯದ ವಿವರವಿದೆ. ಅದರಲ್ಲಿರುವುದು ನುಣ್ಣನೆಯ ಹಿಟ್ಟು, ಎಣ್ಣೆ ಮತ್ತು ಧೂಪ, ಮಾಂಸವಲ್ಲ. ಮಿಠಾಯಿಗೆ ಇಂಗ್ಲಿಷಿನಲ್ಲಿ ಈಗಲೂ ‘ಸ್ವೀಟ್‌ಮೀಟ್’ ಎನ್ನುವುದುಂಟು. ‘ಡ್ರಿಂಕ್’ ಎಂಬುದೂ ಕುಡಿಯುವ ಯಾವುದೇ ವಸ್ತುವಿಗೆ ಸಲ್ಲುತ್ತದೆ. ಎರಡೂ ಜೊತೆಯಾಗಿ ಬಂದಾಗ ಅದು ಜೋಡುನುಡಿ, ನಮ್ಮ ‘ಅನ್ನ ನೀರು’ ಇದ್ದಂತೆ. ನಿಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಆತನಿಗೆ ಆಸರಿಗೆ (ಕುಡಿಯಲು) ಕೊಟ್ಟು ಊಟ ಹಾಕಿದ್ದಾರೆ.

‘ಕಾರ್ನ್’ ಕೂಡ ಮೆಕ್ಕೆಜೋಳವಲ್ಲ. ಆ ಅರ್ಥ ಬೆಳೆದದ್ದು ಅಮೆರಿಕದಲ್ಲಿ. ಬ್ರಿಟನ್ನಿನಲ್ಲಿ ಆಯಾ ಸೀಮೆಯ ಮುಖ್ಯ ಧಾನ್ಯವನ್ನು ಹಾಗೆ ಕರೆಯುತ್ತಿದ್ದರು. ಇಂಗ್ಲೆಂಡಿನವರಿಗೆ ಗೋಧಿ, ಸ್ಕಾಟ್ಲೆಂಡಿನವರಿಗೆ ಓಟ್ಸ್. ನಿಮ್ಮ ಗದ್ದೆಯಲ್ಲಿ ಆತ ಕಂಡದ್ದು ಭತ್ತವೇ ಇರಬೇಕು.

ಉತ್ತರ 2 (ತೀರ್ಥಹಳ್ಳಿಯಿಂದ)

‘ಏಗ್ಯೂ’ ಎಂದರೆ ನಮ್ಮ ಹಿರಿಯರು ಹೆಸರು ಕೇಳಿದರೇ ಹೆದರುತ್ತಿದ್ದ ಚಳಿಜ್ವರ, ಅಂದರೆ ಮಲೇರಿಯಾ. ತೀಕ್ಷ್ಣ ಎಂಬರ್ಥದ ಲ್ಯಾಟಿನ್ ಪದವೊಂದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಹೀಗಾಗಿದೆ. ‘ಮಲೇರಿಯಾ’ ಎಂಬ ಹೆಸರಿಗಾದರೋ ಇಟಾಲಿಯನ್ನಿನಲ್ಲಿ ಕೆಟ್ಟ ಗಾಳಿ ಎಂದರ್ಥ. ಸೊಳ್ಳೆಯ ಹೊಟ್ಟೆಯಲ್ಲಿ ಅದರ ರೋಗಾಣುವನ್ನು ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ದಿನ ಬಿಟ್ಟು ದಿನ ನಡುಕ ಬಂತೆಂದು ದಿನಚರಿಯಲ್ಲಿ ಇದೆಯೇ ನೋಡಿ. ಇದ್ದರೆ ಸಂಶಯಕ್ಕೆ ಎಡೆಯೇ ಇಲ್ಲ.

‘ಸೆನೈಟ್’ ಎಂಬುದು ‘ಸೆವೆನ್ ನೈಟ್’ ಸವೆದು ಆದ ರೂಪ, ಒಂದು ವಾರ ಎಂದರ್ಥ. ಹದಿನಾಲ್ಕು ರಾತ್ರಿಗಳ ‘ಫೋರ್ಟ್‌ನೈಟ್’ ಇಂದಿಗೂ ಬಳಕೆಯಲ್ಲಿದೆ, ಅದರ ಒಡಹುಟ್ಟು ಮಾತ್ರ ಮರೆಯಾಯಿತು. ಅವರು ರಾತ್ರಿಗಳನ್ನು ಎಣಿಸುತ್ತಿದ್ದರು, ನಾವು ಹೊರಟ ದಿನವನ್ನೂ ಸೇರಿಸಿ ಹಗಲುಗಳನ್ನು ಎಣಿಸುತ್ತೇವೆ. ಹೀಗಾಗಿ ಅವರ ಏಳು ನಮಗೆ ‘ಎಂಟು ದಿನ’, ಅವರ ಹದಿನಾಲ್ಕು ನಮಗೆ ‘ಹದಿನೈದು ದಿನ’. ‘ಎಂಟು ದಿನ ಬಿಟ್ಟು ಬಾ’ ಎಂದು ನನ್ನ ಅಜ್ಜಿ ಸೋಮವಾರ ಹೇಳಿದರೆ ಮುಂದಿನ ಸೋಮವಾರವೇ ಹೋಗಬೇಕಿತ್ತು. ಅನುವಾದದಲ್ಲಿ ‘ಎಂಟು ದಿನ’ ಎಂದೇ ಬರೆಯಿರಿ, ನಿಮ್ಮ ಮನೆಯವರಿಗೆ ಅದೇ ಸಹಜವಾಗಿ ಕೇಳುತ್ತದೆ.

ಉತ್ತರ 3 (ಕೊಪ್ಪದಿಂದ)

ಒಂದು ಮಾತನ್ನು ಸೇರಿಸಲು ಬಯಸುತ್ತೇನೆ. ಭಾಷಾಶಾಸ್ತ್ರದಲ್ಲಿ ‘ಓಲ್ಡ್ ಇಂಗ್ಲಿಷ್’ ಎಂಬ ಹೆಸರು ಸುಮಾರು 450ರಿಂದ 1150ರವರೆಗಿನ ಭಾಷೆಗೆ ಮೀಸಲು. ನಮ್ಮಲ್ಲಿ ಹಳೆಯ ಕನ್ನಡ ಪತ್ರಗಳೆಲ್ಲ ಹಳಗನ್ನಡವಲ್ಲವಷ್ಟೇ, ಅದೇ ರೀತಿ ನಿಮ್ಮ ದಿನಚರಿಯೂ ಓಲ್ಡ್ ಇಂಗ್ಲಿಷ್ ಅಲ್ಲ. ಆದರೆ ಅಂದಿನ ಪದಗಳು ಅದರೊಳಗೆ ಉಳಿದು ಬಂದಿವೆ. ಅಪರಿಚಿತ ಪದ ಕಂಡರೆ ನಾವು ನಿಘಂಟು ತೆರೆಯುತ್ತೇವೆ. ಪರಿಚಿತ ಪದವನ್ನು ಪರೀಕ್ಷಿಸದೆ ದಾಟಿಬಿಡುತ್ತೇವೆ, ಎಡವುವುದೂ ಅಲ್ಲಿಯೇ. ‘ಡಿಯರ್’ ಎಂಬುದನ್ನೇ ನೋಡಿ. ಅದರ ಪೂರ್ವರೂಪಕ್ಕೆ ಪ್ರಾಣಿ ಎಂಬ ಅರ್ಥವಿತ್ತು, ಈಗ ಜಿಂಕೆಯ ಕುಲವಷ್ಟೇ ಉಳಿದಿದೆ. ನಮ್ಮ ‘ಮೃಗ’ವು ಎರಡೂ ಅರ್ಥಗಳನ್ನು ಇಟ್ಟುಕೊಂಡಿದೆ, ಮೃಗರಾಜನೆಂದರೆ ಪ್ರಾಣಿಗಳ ಅರಸ, ಮೃಗನಯನಿ ಎಂದರೆ ಜಿಂಕೆಗಣ್ಣಿನವಳು.

ಇಂತಹ ಬರಹಕ್ಕೆ ಶಾಲೆಯ ನಿಘಂಟು ಸಾಲದು. 1884ರಿಂದ 1928ರವರೆಗೆ ಕಂತುಗಳಲ್ಲಿ ಹೊರಬಂದ ಆಕ್ಸ್‌ಫರ್ಡಿನ ಬೃಹತ್ ನಿಘಂಟಿನಲ್ಲಿ ಪ್ರತಿಯೊಂದು ಅರ್ಥಕ್ಕೂ ಕಾಲಾನುಕ್ರಮದ ಪ್ರಯೋಗಗಳಿವೆ. ಅದನ್ನೇ ನೋಡಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಅಧಿಕಾರಿ ದಿನ ಬಿಟ್ಟು ದಿನ ನಡುಗಿದ್ದು ನಿಜ, ಹಾಗೆಂದು ಮರುಪುಟದಲ್ಲೇ ಇದೆ. ನಿಮ್ಮ ಉತ್ತರಗಳನ್ನು ನಿನ್ನೆ ಸಂಜೆ ದೊಡ್ಡಪ್ಪನವರಿಗೆ ಓದಿ ಹೇಳಿದೆ. ಅವರು ಆ ಪುಟವನ್ನು ಮೊದಲಿನಿಂದ ಮತ್ತೆ ಓದಿಸಿಕೊಂಡು, ಆತ ಜಗಲಿಯ ಯಾವ ಮೂಲೆಯಲ್ಲಿ ಮಲಗಿದ್ದನೆಂದು ಬರೆದಿದ್ದಾನೆಯೇ ಎಂದು ಕೇಳಿದರು. ಅದನ್ನು ಆತ ಬರೆದಿಲ್ಲ.