ಅಪ್‌ಡೇಟ್: ಪೋನಿಯ ಬೆನ್ನಿನ ಹಕ್ಕಳೆ ಹುಳುಕಡ್ಡಿ ಅಲ್ಲ

ನಮ್ಮ ಪೋನಿಯ (ಗಿಡ್ಡ ತಳಿಯ ಕುದುರೆ) ಬೆನ್ನ ಮೇಲೆ ಗಂಟು ಗಂಟಾಗಿ ಹಕ್ಕಳೆ ಎದ್ದಿದೆ, ಹುಳುಕಡ್ಡಿನಾ ಅಂತ ಹೋದ ತಿಂಗಳು ಕೇಳಿದ್ದೆ ಅಲ್ವಾ? ಅಲ್ಲವಂತೆ.

ಡಾಕ್ಟರು ಬಂದು ಒಂದು ಹಕ್ಕಳೆಯನ್ನು ಮೆಲ್ಲಗೆ ಎತ್ತಿದರು. ಜೊತೆಗೆ ಕೂದಲಿನ ಕುಚ್ಚೂ ಬಂತು, ಥೇಟ್ ಬಣ್ಣದ ಕುಂಚದ ಹಾಗೆ. ಕೆಳಗೆ ಕೆಂಪು ಚರ್ಮ, ಸ್ವಲ್ಪ ಕೀವು. ಮೈಕ್ರೋಸ್ಕೋಪ್‌ನಲ್ಲಿ ನೋಡಿ ಡರ್ಮಟೋಫೈಲಸ್ ಅಂದರು. ಹುಳುಕಡ್ಡಿಯ ಹಾಗೆ ಫಂಗಸ್ ಅಲ್ಲ, ಇದು ಬ್ಯಾಕ್ಟೀರಿಯಾ. ಮಳೆಯಲ್ಲಿ ನೆನೆದು ನೆನೆದು ಚರ್ಮ ಮೆತ್ತಗಾದಾಗ ಒಳಗೆ ಇಳಿಯುತ್ತದೆ. ನಾನು ಒದ್ದೆ ಮೈ ಮೇಲೇ ಹೊದಿಕೆ ಹಾಕುತ್ತಿದ್ದೆ, ಅದರಿಂದ ಇನ್ನೂ ಜಾಸ್ತಿಯಾಗಿತ್ತು. ಪಾಪ, ಮುಟ್ಟಿದರೆ ಬೆನ್ನು ತಗ್ಗಿಸುತ್ತಿದ್ದಳು.

ಕ್ಲೋರ್‌ಹೆಕ್ಸಿಡಿನ್ (ರೋಗಾಣು ಕೊಲ್ಲುವ ಔಷಧಿ) ಇರುವ ಶಾಂಪೂ ಹಚ್ಚಿ, 10 ನಿಮಿಷ ಬಿಟ್ಟು ತೊಳೆದೆವು. ಆಮೇಲೆ ಪೂರ್ತಿ ಒಣಗಿಸಬೇಕು, ಅದೇ ಮುಖ್ಯ. ನೆಂದು ಸಡಿಲವಾದ ಹಕ್ಕಳೆ ಮಾತ್ರ ತೆಗೆದೆವು. ಸುಮ್ನೆ ಕಿತ್ತರೆ ನೋವು. ಉದುರಿದ್ದರಲ್ಲೂ ರೋಗಾಣು ಬದುಕಿರುತ್ತದೆ, ಹಾಗಾಗಿ ಕವರಿಗೆ ತುಂಬಿ ಬಿಸಾಡಿದೆ. ಬ್ರಷ್, ಹೊದಿಕೆ ಬೇರೆ ಕುದುರೆಗೆ ಬಳಸಲಿಲ್ಲ.

ಎಣ್ಣೆ ಹಚ್ಚಿ ಅಂದಿದ್ದವರಿಗೆ: ಡಾಕ್ಟರು ಬೇಡ ಅಂದರು, ತೇವ ಒಳಗೇ ಉಳಿಯುತ್ತದಂತೆ.

3 ವಾರವಾಯಿತು. ಬೋಳಾಗಿದ್ದ ಕಡೆ ನಯವಾದ ಹೊಸ ಕೂದಲು ಬರುತ್ತಿದೆ. ನಿನ್ನೆ ಬೆನ್ನು ಸವರಿದರೆ ಅಲುಗಾಡದೆ ನಿಂತಳು. ಜೀನು ಮಾತ್ರ ಇನ್ನೂ ಹಾಕಿಲ್ಲ.